ಶೆಟ್ಟಿಹಳ್ಳಿಯ ರೋಸರಿ ಚರ್ಚು: ನೀರಿನ ಏರಿಳಿತಕ್ಕೆ ಸಿಕ್ಕ ಗೋಡೆ, ಬೆಂಗಳೂರಿನಲ್ಲಿ ಹುಡುಕಬೇಕಾದ ಸಮಾಧಿ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ದಡದಲ್ಲಿ, ಜಪಸರ ಮಾತೆಯ ಹೆಸರಿನ ಹಳೆಯ ಚರ್ಚೊಂದು ಛಾವಣಿಯಿಲ್ಲದೆ ನಿಂತಿದೆ. ಗೊರೂರು ಅಣೆಕಟ್ಟೆ ತುಂಬಿದಾಗ ಅದರ ಬಹುಪಾಲು ನೀರಿನಡಿ ಹೋಗುತ್ತದೆ. ನೀರು ಇಳಿದಾಗ ಬುಡದವರೆಗೂ ಕಾಣುತ್ತದೆ. ವಾರದ ಕೊನೆಗೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಬಂದವರಲ್ಲಿ ಹಲವರು ಕೇಳುವುದು ಒಂದೇ ಪ್ರಶ್ನೆ: ಇದನ್ನು ಉಳಿಸಿಕೊಳ್ಳಲು ಆಗುವುದಿಲ್ಲವೇ?

ಈ ಪ್ರಶ್ನೆಗೆ ಸಿಗುವ ಉತ್ತರ ಎರಡೇ. ಸಿಮೆಂಟ್ ಹಾಕಿ ಗಟ್ಟಿ ಮಾಡಿಬಿಡಿ ಎನ್ನುವುದು ಒಂದು. ನೀರಿನಲ್ಲಿ ಮುಳುಗುವ ಕಟ್ಟಡಕ್ಕೆ ಏನು ಮಾಡಿದರೂ ಅಷ್ಟೆ, ಬಿಡಿ ಎನ್ನುವುದು ಇನ್ನೊಂದು. ಎರಡೂ ತಪ್ಪು, ಎರಡೂ ತಪ್ಪಾಗುವುದು ಒಂದೇ ಕಾರಣಕ್ಕೆ. ಈ ಗೋಡೆಯನ್ನು ತಿನ್ನುತ್ತಿರುವುದು ಬರೀ ನೀರಲ್ಲ, ನೀರಿನ ಏರಿಳಿತ. ಸದಾ ಮುಳುಗೇ ಇದ್ದಿದ್ದರೆ ಅಥವಾ ಸದಾ ಒಣಗೇ ಇದ್ದಿದ್ದರೆ ಇದು ಇನ್ನೂ ಬಹಳ ಕಾಲ ನಿಲ್ಲುತ್ತಿತ್ತು. ಇದನ್ನು ಅರ್ಥ ಮಾಡಿಕೊಂಡರೆ ಏನು ಮಾಡಬಹುದು, ಏನು ಮಾಡಬಾರದು, ಯಾವ ತಿಂಗಳಲ್ಲಿ ಮಾಡಬೇಕು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಟ್ಟಡದ ವಯಸ್ಸು, ಸಭೆಯ ವಯಸ್ಸು

ಈ ಚರ್ಚನ್ನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕಟ್ಟಿಸಿದರೆಂದು ಕೆಲವರು ಹೇಳುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರೆಂಬುದು ಇನ್ನೊಂದು ಮಾತು. ವಿಡಿಯೋಗಳಲ್ಲಿ ಎರಡನ್ನೂ ಕಲಸಿ ಹೇಳುವುದುಂಟು. ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಹಾಸನದ ಕಡೆಯೂ ಒಕ್ಕಲುಗಳನ್ನು ನೆಲೆ ನಿಲ್ಲಿಸಿದರು. 1823ರಲ್ಲಿ ಫ್ರಾನ್ಸಿಗೆ ಹಿಂತಿರುಗಿ 1848ರಲ್ಲಿ ತೀರಿಕೊಂಡರು. ಆದ್ದರಿಂದ 1860ರ ದಶಕದ ಮೊನಚು ಕಮಾನಿನ ಕಟ್ಟಡ ಅವರ ಕೈಕೆಲಸ ಆಗಲು ಸಾಧ್ಯವಿಲ್ಲ. ಆದರೆ ಆ ಸುತ್ತಿನ ಕ್ರೈಸ್ತ ಸಮುದಾಯದ ಬೇರು ಅವರ ಕಾಲದವರೆಗೆ ಹೋಗುತ್ತದೆ.

ಕಟ್ಟಡದ ವಯಸ್ಸು ಬೇರೆ, ಸಭೆಯ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯದ, ವಯಸ್ಸು ಬೇರೆ. ಬೆಂಗಳೂರಿನವರಿಗೆ ಇದು ಹೊಸದಲ್ಲ. ಶಿವಾಜಿನಗರದಲ್ಲಿ, ಆಗಿನ ಬ್ಲ್ಯಾಕ್‌ಪಲ್ಲಿಯಲ್ಲಿ, ಇದೇ ದ್ಯುಬುವಾ 1818ರಲ್ಲಿ ಕಟ್ಟಿಸಿದ್ದು ಸಣ್ಣ ಪ್ರಾರ್ಥನಾಲಯ. ಇಂದು ನಾವು ನೋಡುವ ಸಂತ ಮೇರಿ ಬೆಸಿಲಿಕಾ ಪ್ರತಿಷ್ಠೆಯಾದದ್ದು 1882ರ ಸೆಪ್ಟೆಂಬರ್ 8ರಂದು. ಚರ್ಚಿನ ಇತಿಹಾಸ ಬರೆಯುವವರು ಮೊದಲು ಈ ಎರಡು ಲೆಕ್ಕಗಳನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಬೇಕು.

1860ರ ದಶಕದಲ್ಲಿ ಮೈಸೂರು ಸೀಮೆಯ ಮಿಷನ್ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಕೈಯಲ್ಲಿತ್ತು. ಅವರ ಊರಿನ ಗಾಥಿಕ್ ಮಾದರಿಯನ್ನು ಇಲ್ಲಿಯ ಇಟ್ಟಿಗೆ, ಇಲ್ಲಿಯ ಸುಣ್ಣದ ಗಾರೆ, ಇಲ್ಲಿಯ ಕೆಲಸಗಾರರ ಕೈಯಲ್ಲಿ ಕಟ್ಟಿಸಿದರು. ಬೆಂಗಳೂರಿನ ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಮುಗಿದದ್ದೂ ಅದೇ ದಶಕದಲ್ಲಿ, 1868ರಲ್ಲಿ. ಸುಣ್ಣದ ಗಾರೆಯ ಕಟ್ಟಡ 150 ವರ್ಷ ಬಾಳುವುದು ವಿಶೇಷವೇನಲ್ಲ. ತಲೆಯ ಮೇಲೆ ಛಾವಣಿ ಇರಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೆ. ಶೆಟ್ಟಿಹಳ್ಳಿಯಲ್ಲಿ ಎರಡೂ ತಪ್ಪಿಹೋಯಿತು.

ಅಣೆಕಟ್ಟೆ ಮತ್ತು ಜಾಗದ ಒಡೆತನ

ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ 37.10 ಟಿಎಂಸಿ. ಇಲ್ಲಿಂದ ನಾಲೆಗಳಲ್ಲಿ ಹೋಗುವ ನೀರು ಹಾಸನ, ಮಂಡ್ಯ, ತುಮಕೂರು ಕಡೆಯ ಹೊಲಗದ್ದೆಗೆ. ನದಿಗೆ ಬಿಟ್ಟ ನೀರು ಕಾವೇರಿ ಸೇರಿ ಕೃಷ್ಣರಾಜಸಾಗರ ತಲುಪುತ್ತದೆ. ಅದರ ಒಂದು ಪಾಲು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಕೊಳವೆಯಲ್ಲಿ ಮೇಲೇರಿ ಬೆಂಗಳೂರಿನ ನಲ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ಆ ಚರ್ಚಿನ ಬುಡ ಕಾಣಿಸುವುದಕ್ಕೂ ಕೆಳಗಿನ ಊರುಗಳ ದಾಹಕ್ಕೂ ನೇರ ಸಂಬಂಧವಿದೆ. ಬೆಂಗಳೂರಿನವರು ಇದನ್ನು ಬರೀ ನೋಡುವ ಜಾಗವೆಂದುಕೊಂಡರೆ ಸಾಲದು.

ಆಗಿನ ಮುಳುಗಡೆ ಭೂಮಿಯನ್ನು ಸರ್ಕಾರ ಪಡೆದುಕೊಳ್ಳುತ್ತಿದ್ದುದು 1894ರ ಭೂಸ್ವಾಧೀನ ಕಾಯ್ದೆಯಡಿ. ಸ್ವಾಧೀನವಾದ ಜಾಗ ಎಲ್ಲ ಋಣಭಾರ ಕಳಚಿಕೊಂಡು ಸರ್ಕಾರಕ್ಕೆ ಸೇರುತ್ತದೆ. ಮಾರುಕಟ್ಟೆ ಬೆಲೆಯ ಮೇಲೆ ಶೇ. 15 ಹೆಚ್ಚುವರಿ ಕೊಡಬೇಕಿತ್ತು. 1984ರ ತಿದ್ದುಪಡಿಯ ಮೇಲೆ ಅದು ಶೇ. 30 ಆಯಿತು. ಇಲ್ಲಿ ಇತಿಹಾಸಕಾರರಿಗೆ ಉಪಯೋಗದ ಒಂದು ವಿಷಯವಿದೆ. ಸ್ವಾಧೀನದ ಐತೀರ್ಪಿನಲ್ಲಿ, ಅಂದರೆ ಪರಿಹಾರ ಗೊತ್ತುಮಾಡುವ ಆದೇಶದಲ್ಲಿ, ಕಟ್ಟಡಕ್ಕೆ ಬೆಲೆ ಕಟ್ಟಬೇಕಾದರೆ ಇಂಜಿನಿಯರು ಅದನ್ನು ಅಳೆಯಲೇಬೇಕು. ಗೋಡೆಯ ಉದ್ದ, ದಪ್ಪ, ಛಾವಣಿಯ ಬಗೆ, ಮರದ ಲೆಕ್ಕ ಎಲ್ಲ ಅಂಥ ಪಟ್ಟಿಯಲ್ಲಿ ಬರೆಯುವುದು ವಾಡಿಕೆ. ಛಾವಣಿ ಹೋದ ಕಟ್ಟಡಕ್ಕೆ ಛಾವಣಿ ಇದ್ದಾಗಿನ ಅಳತೆ ಬೇಕೆಂದರೆ ಹುಡುಕಬೇಕಾದ ಮೊದಲ ಕಡತ ಇದು. ಜಿಲ್ಲೆಯ ಭೂಸ್ವಾಧೀನ ವಿಭಾಗಕ್ಕೂ ಜಲಾಶಯ ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮಕ್ಕೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಗ್ರಾಮದ ಹೆಸರು, ಹೋಬಳಿ, ಐತೀರ್ಪಿನ ಅಂದಾಜು ವರ್ಷ ಕೊಟ್ಟು ಕೇಳಬೇಕು. "ಚರ್ಚಿನ ಮಾಹಿತಿ ಕೊಡಿ" ಎಂದು ಬರೆದರೆ ಕಡತ ಇಲ್ಲ ಎಂಬ ಉತ್ತರವೇ ಬರುವುದು.

ಕಥೋಲಿಕ ಧರ್ಮಸಭೆಯ ಕಡೆಯಿಂದ ನೋಡಿದರೆ, 1979ರಲ್ಲಿ ಜಾರಿಯಲ್ಲಿದ್ದದ್ದು 1917ರ ಕಾನೂನು ಸಂಹಿತೆ. ಈಗಿನದು ಬಂದದ್ದು 1983ರಲ್ಲಿ. ಪೂಜೆಗೆ ಒದಗದ, ದುರಸ್ತಿಗೂ ದಾರಿಯಿಲ್ಲದ ದೇವಾಲಯವನ್ನು ಬಿಷಪ್ಪರು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಹೀನ ಬಳಕೆಗೆ ಬಿಡುವಂತಿಲ್ಲ ಎಂಬ ನಿಯಮ ಎರಡರಲ್ಲೂ ಇದೆ. ಗೋಡೆಯ ಮೇಲೆ ಹೆಸರು ಕೆತ್ತುವುದು, ಬಲಿಪೀಠದ ಜಾಗದಲ್ಲಿ ಬಾಟಲಿ ಒಡೆಯುವುದು ಪಾಳು ಕಟ್ಟಡಕ್ಕೂ ಸಲ್ಲದು ಎನ್ನಲು ಭಾವನೆಯೊಂದೇ ಆಧಾರವಲ್ಲ.

ನೀರು ಮಾಡುವ ಕೆಲಸ

ಗಾರೆಯಿಂದ ಶುರು ಮಾಡೋಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಹರಳು ಸುಣ್ಣ. ಅದನ್ನು ನೀರಿನಲ್ಲಿ ಅರಳಿಸಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಯಲ್ಲಿ ಕೂತ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ. ಈ ಕಲ್ಲಾಗುವಿಕೆ ಹೊರಮೈಯಿಂದ ಒಳಕ್ಕೆ ಹೋಗುತ್ತದೆ, ಹೋದಷ್ಟೂ ನಿಧಾನವಾಗುತ್ತದೆ. ದಪ್ಪ ಗೋಡೆಯ ನಡುಭಾಗದಲ್ಲಿ ಹತ್ತಾರು ವರ್ಷ ಕಳೆದರೂ ಕಲ್ಲಾಗದ ಸುಣ್ಣ ಉಳಿದಿರಬಹುದು. ಎರಡರ ಕರಗುವಿಕೆಯಲ್ಲಿ ಅಜಗಜಾಂತರ: ಕಲ್ಲಾದ ಸುಣ್ಣ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 0.015 ಗ್ರಾಂ ಕರಗಿದರೆ, ಕಲ್ಲಾಗದ್ದು ಸುಮಾರು 1.7 ಗ್ರಾಂ, ಅಂದರೆ ನೂರು ಪಟ್ಟಿಗೂ ಹೆಚ್ಚು.

ನೀರು ನಿಂತೇ ಇದ್ದರೆ ಗೋಡೆಯ ರಂಧ್ರಗಳಲ್ಲಿರುವ ನೀರು ಸುಣ್ಣ ಕುಡಿದು ತಣಿಯುತ್ತದೆ, ಮುಂದೆ ಕರಗುವುದು ತೀರ ನಿಧಾನ. ಆದರೆ ಇಲ್ಲಿ ಪ್ರತಿ ವರ್ಷ ಆ ತಣಿದ ನೀರು ಹೊರಗೆ ಹರಿದುಹೋಗುತ್ತದೆ, ಮುಂದಿನ ಮುಂಗಾರಿನಲ್ಲಿ ಹೊಸ ಮಳೆನೀರು ಒಳಬರುತ್ತದೆ. ಮತ್ತೆ ಹೊಸದಾಗಿ ಕರಗುವಿಕೆ. ಬಿರುಕುಗಳ ಬಾಯಲ್ಲಿ ಬಿಳಿ ಸೋರುಗೆರೆ ಕಂಡರೆ ಅದು ಗೋಡೆಯ ಒಡಲಿಂದ ಹೊರಬಂದು ಗಾಳಿ ತಾಗಿ ಕಲ್ಲಾದ ಸುಣ್ಣ. ಹೊರಗೆ ಚೆನ್ನಾಗಿ ಕಾಣುವ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕೆಲವು ಕಡೆ ಟೊಳ್ಳು ಸದ್ದು ಬರುವುದು ಇದರಿಂದ.

ಎರಡನೆಯದು ಭಾರದ ಲೆಕ್ಕ. ಇಂಜಿನಿಯರುಗಳೂ ಎಷ್ಟೋ ಸಲ ಇದನ್ನು ಗಮನಿಸುವುದಿಲ್ಲ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಕಂಬದ ಮತ್ತು ಒತ್ತುಗೋಡೆಯ ತೂಕ. ಲೆಕ್ಕಕ್ಕೆ ಒಂದು ಮೀಟರ್ ಚಚ್ಚೌಕದ, 6 ಮೀಟರ್ ಎತ್ತರದ ಇಟ್ಟಿಗೆ ಕಂಬ ಎಂದು ಹಿಡಿಯಿರಿ. ಒಣಗಿದ್ದಾಗ ಘನ ಮೀಟರಿಗೆ 1.8 ಟನ್ನಿನಂತೆ ಅದರ ತೂಕ 10.8 ಟನ್. ನೀರು 4 ಮೀಟರ್ ಏರಿದರೆ ಕೆಳಗಿನ 4 ಘನ ಮೀಟರ್ ನೀರು ಕುಡಿದು ಘನ ಮೀಟರಿಗೆ 2 ಟನ್ ಆಗುತ್ತದೆ, ಆದರೆ ನೀರು ಅಷ್ಟರಲ್ಲಿ 1 ಟನ್ನನ್ನು ಎತ್ತಿಹಿಡಿಯುತ್ತದೆ. ಬುಡಕ್ಕೆ ಬೀಳುವ ತೂಕ 4 ಮತ್ತು 3.6, ಒಟ್ಟು 7.6 ಟನ್. ಕಂಬದ ತೂಕ ಶೇ. 30ರಷ್ಟು ಇಳಿಯಿತು. ಆದರೆ ಮೇಲಿನ ಕಮಾನು ಇನ್ನೂ ನೀರಿನ ಹೊರಗಿದೆ, ಅದರ ತಳ್ಳುವಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ. ಆದ್ದರಿಂದ ಕಟ್ಟಡ ಪೂರ್ತಿ ಮುಳುಗಿದ್ದಾಗಿಗಿಂತ ಅರ್ಧ ಮುಳುಗಿದ್ದಾಗ ಅಪಾಯ ಹೆಚ್ಚು. ಚಿತ್ರಗಳಲ್ಲಿ ಅತಿ ಸುಂದರವಾಗಿ ಕಾಣುವ ಸ್ಥಿತಿಯೂ ಅದೇ. ಹರಿಗೋಲಿನಲ್ಲಿ ಕಮಾನಿನ ಕೆಳಗೆ ಹೋಗಬೇಡಿ ಎನ್ನುವುದು ಈ ಕಾರಣಕ್ಕೆ.

ಛಾವಣಿಯ ಮರದ ತೊಲೆಗಳಿದ್ದಾಗ ಎದುರುಬದುರು ಗೋಡೆಗಳನ್ನು ಅವು ಒಂದಕ್ಕೊಂದು ಬಿಗಿಹಿಡಿದಿದ್ದವು. ಈಗ ಪ್ರತಿ ಗೋಡೆಯೂ ಒಂಟಿ. ಗೋಡೆಯ ನೆತ್ತಿ ತೆರೆದಿದೆ, ಮಳೆ ಮೇಲಿಂದಲೂ ಇಳಿಯುತ್ತದೆ.

ನೀರು ಇಳಿಯುವ ವೇಗವೂ ಮುಖ್ಯ. ಹೊರಗಿನ ಮಟ್ಟ ಬೇಗ ಇಳಿದು ಗೋಡೆಯ ಒಡಲಿನ ನೀರು ಹಿಂದುಳಿದರೆ ಅದು ಗಾರೆಯನ್ನು ಒಳಗಿಂದ ಹೊರಕ್ಕೆ ನೂಕುತ್ತದೆ, ಪದರ ಕಳಚಿ ಬೀಳುತ್ತದೆ. ಅಡಿಪಾಯದ ಮಣ್ಣಿಗೂ ಇದೇ ಗತಿ: ತುಂಬಿದಾಗ ಮೆತ್ತಗಾಗಿ, ಇಳಿದಾಗ ಸಣ್ಣ ಕಣಗಳನ್ನು ಕಳೆದುಕೊಂಡು, ಒಂದು ಮೂಲೆ ಇನ್ನೊಂದಕ್ಕಿಂತ ಹೆಚ್ಚು ಕುಸಿಯುತ್ತದೆ. ಅಲೆಗಳು ನೀರಿನ ಮಟ್ಟದಲ್ಲೇ ಬಡಿಯುವುದರಿಂದ ಹೆಚ್ಚು ದಿನ ನೀರು ನಿಂತ ಎತ್ತರದಲ್ಲಿ ಇಟ್ಟಿಗೆ ಸಂದುಗಳು ಆಳಕ್ಕೆ ಸವೆದಿರುತ್ತವೆ. ಅರಳಿ, ಆಲದ ಸಸಿಗಳು ಮುಳುಗದ ಎತ್ತರದಲ್ಲಿ ಬೇರು ಬಿಡುತ್ತವೆ.

ಮೊಟ್ಟೆ, ಬೆಲ್ಲ, ಸುರ್ಕಿ

ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದರಿಂದ ಇದು ಇನ್ನೂ ನಿಂತಿದೆ ಎಂಬ ಮಾತು ಜನಪ್ರಿಯ. ನಮ್ಮ ಕಡೆ ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ, ಮೊಟ್ಟೆಯ ಬಿಳಿ ಸೇರಿಸುವ ರೂಢಿ ನಿಜವಾಗಿಯೂ ಇತ್ತು. ಬೆಲ್ಲ ಗಾರೆಯನ್ನು ಕಡಿಮೆ ನೀರಿನಲ್ಲೇ ಹದಕ್ಕೆ ತರುತ್ತದೆ, ಗಟ್ಟಿಯಾಗುವುದನ್ನು ನಿಧಾನಿಸುತ್ತದೆ. ಮೊಟ್ಟೆಯ ಪ್ರೋಟೀನು ಸಣ್ಣ ಗಾಳಿಗುಳ್ಳೆ ಹಿಡಿದಿಟ್ಟು ಮೈಗೆ ಸ್ವಲ್ಪ ನೀರು ತಡೆಯುವ ಗುಣ ಕೊಡುತ್ತದೆ. ಆದರೆ ನೀರಿನಡಿ ಗಾರೆ ಹಿಡಿದು ನಿಲ್ಲುವುದಕ್ಕೆ ನಿಜವಾಗಿ ನೆರವಾಗುವುದು ಸುರ್ಕಿ. ಹದವಾಗಿ ಸುಟ್ಟ ಇಟ್ಟಿಗೆಯ ಪುಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ಸೇರಿ ಗಾಳಿಯಿಲ್ಲದೆಯೂ ಗಟ್ಟಿಯಾಗುತ್ತವೆ. ಗಾರೆಯಲ್ಲಿ ಏನಿದೆ ಎಂಬುದನ್ನು ಊಹಿಸಬೇಕಿಲ್ಲ. ಬಿದ್ದ ಅವಶೇಷದಿಂದ, ಗೋಡೆಯಿಂದ ಕೆತ್ತದೆ, 50ರಿಂದ 100 ಗ್ರಾಂ ಗಾರೆ ತೆಗೆದುಕೊಂಡು ಪ್ರಯೋಗಾಲಯದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಸುಣ್ಣ ಹೋಗಿ ಮರಳು, ಇಟ್ಟಿಗೆ ಪುಡಿ ಉಳಿಯುತ್ತವೆ. ಒಣಗಿಸಿ ತೂಗಿ, ಜರಡಿ ಹಿಡಿದರೆ ಪ್ರಮಾಣ ಗೊತ್ತಾಗುತ್ತದೆ. ಮರಳು ಸುಣ್ಣದಕಲ್ಲಿನದೋ ಚಿಪ್ಪಿನದೋ ಆಗಿದ್ದರೆ ಅದೂ ಕರಗಿ ಲೆಕ್ಕ ತಪ್ಪುತ್ತದೆ. ಆಗ ತೆಳುಸೀಳು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಕೈಬಿಡಬೇಕಾದ ಮೂರು ಯೋಚನೆ

ಬಿಚ್ಚಿ ಬೇರೆಡೆ ಕಟ್ಟಿದರೆ? ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇಗುಲವನ್ನು ಹಾಗೆ ಸಾಗಿಸಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಅದು ಸಾಧ್ಯವಾದದ್ದು ಅದು ಕಲ್ಲಿನ ದೇಗುಲವಾದ್ದರಿಂದ. ಒಂದೊಂದು ಕಲ್ಲಿಗೂ ಸಂಖ್ಯೆ ಕೊಟ್ಟು ಬಿಚ್ಚಿ ಹಾಗೇ ಜೋಡಿಸಬಹುದು. ಇಟ್ಟಿಗೆ-ಗಾರೆಯ ಗೋಡೆ ಬಿಚ್ಚಿದರೆ ಕೈಗೆ ಸಿಗುವುದು ಇಟ್ಟಿಗೆ ಚೂರು ಮತ್ತು ಸುಣ್ಣದ ಪುಡಿ. ಹೊಸ ಜಾಗದಲ್ಲಿ ನಿಲ್ಲುವುದು ನಕಲು.

ಸುತ್ತ ಏರಿ ಹಾಕಿ ನೀರು ತಡೆದರೆ? ಹೊರಗೆ 8 ಮೀಟರ್ ನೀರು ನಿಂತರೆ ಏರಿಯ ಬುಡಕ್ಕೆ ಚದರ ಮೀಟರಿಗೆ ಸುಮಾರು 8 ಟನ್ ಒತ್ತಡ. ಏರಿ ಗರಿಷ್ಠ ಮಟ್ಟಕ್ಕಿಂತ ಎತ್ತರವಿರಬೇಕು, ಅಡಿಯಿಂದ ಜಿನುಗುವ ನೀರನ್ನು ಹಗಲು ರಾತ್ರಿ ಪಂಪ್ ಮಾಡಬೇಕು. ಒಂದು ರಾತ್ರಿ ಕರೆಂಟು ಹೋಗಿ ಒಳಗೆ ನೀರು ನುಗ್ಗಿದರೆ ಹತ್ತು ಮಳೆಗಾಲದ ಪೆಟ್ಟು ಒಂದೇ ಸಲ ಬೀಳುತ್ತದೆ.

ಸಿಮೆಂಟ್? ಮೆತ್ತನೆಯ ಹಳೆ ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಗೋಡೆ ಕುಡಿದ ನೀರು ಸಂದಿನಿಂದ ಹೊರಬರಲಾಗದೆ ಇಟ್ಟಿಗೆಯ ಮುಖದಿಂದ ಬರುತ್ತದೆ. ಸಿಮೆಂಟಿನ ಲವಣವೂ ಅದರ ಜೊತೆ ಬಂದು ಇಟ್ಟಿಗೆಯ ಮೈ ಪದರಪದರ ಉದುರುತ್ತದೆ. ಕೆಲವೇ ವರ್ಷದಲ್ಲಿ ಇಟ್ಟಿಗೆ ಒಳಕ್ಕೆ ಸವೆದು ಸಿಮೆಂಟ್ ಗೆರೆ ಮಾತ್ರ ಹೊರಚಾಚಿ ನಿಲ್ಲುತ್ತದೆ. ಬೆಂಗಳೂರಿನ ಎಷ್ಟೋ ಹಳೆಯ ಕಾಂಪೌಂಡ್ ಗೋಡೆಗಳಲ್ಲಿ ಇದನ್ನು ನಡೆದಾಡುತ್ತಲೇ ನೋಡಬಹುದು.

ಮಾಡಬಹುದಾದ ದುರಸ್ತಿ, ಅದರ ಕಾಲ

ಉಳಿಯುವ ದಾರಿ: ಈಗಿರುವ ಪಾಳನ್ನು ಪಾಳಾಗಿಯೇ ಬಿಟ್ಟು, ಬೀಳುವುದನ್ನು ನಿಧಾನಿಸುವುದು. ಇದಕ್ಕೆ ಕಾಲವೇ ಮೊದಲ ಅಡ್ಡಿ. ಬರೀ ಸುಣ್ಣ-ಮರಳಿನ ಗಾರೆಯನ್ನು ಏಪ್ರಿಲ್‌ನಲ್ಲಿ ತುಂಬಿದರೆ ಜುಲೈಗೆ ನೀರು ಬರುವ ಹೊತ್ತಿಗೆ ಮೇಲ್ಪದರ ಕೆಲವು ಮಿಲಿಮೀಟರ್ ಮಾತ್ರ ಕಲ್ಲಾಗಿರುತ್ತದೆ. ನೀರು ತುಂಬಿದ ರಂಧ್ರದಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಮಿಕ್ಕದ್ದು ಮುಳುಗಿ ಕರಗಿಹೋಗುತ್ತದೆ. ಒಳ್ಳೆಯ ಉದ್ದೇಶದ ದುರಸ್ತಿ ಒಂದೇ ಮಳೆಗಾಲಕ್ಕೆ ಕೆಸರಾಗುವುದು ಹೀಗೆ. ಆದ್ದರಿಂದ ನೀರಿನಲ್ಲೂ ಗಟ್ಟಿಯಾಗುವ ಗಾರೆ ಬೇಕು. ಭಾರತೀಯ ಮಾನಕ ಐಎಸ್ 712ರ ಪ್ರಕಾರ ಎ ದರ್ಜೆ ಹೆಚ್ಚು ಜಲಬಂಧಿ (ನೀರಿನಲ್ಲೂ ಗಟ್ಟಿಯಾಗುವ) ಸುಣ್ಣ, ಬಿ ದರ್ಜೆ ಅರೆ ಜಲಬಂಧಿ, ಸಿ ದರ್ಜೆ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುವ ಕೊಬ್ಬಿದ ಸುಣ್ಣ. ಸಿ ದರ್ಜೆ ಸಿಕ್ಕರೆ ಸುರ್ಕಿ ಸೇರಿಸಲೇಬೇಕು. ಸುಣ್ಣ 1, ಸುರ್ಕಿ 1, ಮರಳು 2 ಎಂಬ ಪ್ರಮಾಣದಿಂದ ಶುರು ಮಾಡಿ, ಬೇರೆ ಬೇರೆ ಪ್ರಮಾಣದ ಸಣ್ಣ ಬಿಲ್ಲೆಗಳನ್ನು ಮೂರು ವಾರ ತೇವದಲ್ಲಿಟ್ಟು ನಂತರ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ ಆರಿಸಬೇಕು. ಅತಿಯಾಗಿ ಸುಟ್ಟ ಕರಿ ಇಟ್ಟಿಗೆಯ ಪುಡಿ ಸುರ್ಕಿಯಲ್ಲ, ಅದು ಬರೀ ಮರಳಿದ್ದ ಹಾಗೆ. ಬಣ್ಣಕ್ಕಾಗಿ ತಂದ ಇಟ್ಟಿಗೆ ಪುಡಿಯಲ್ಲಿ ಹಸಿ ಮಣ್ಣು ಬೆರೆತಿದ್ದರೆ ಗಾರೆ ಬಿರಿಯುತ್ತದೆ.

ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದವರನ್ನು ತೊಟ್ಟಿಯ ಹತ್ತಿರ ಬಿಡಬೇಡಿ. ಸಿ ದರ್ಜೆಯ ಅರಳಿದ ಸುಣ್ಣವನ್ನು ಜರಡಿ ಹಿಡಿದು ಕೆಲವು ವಾರ ನೀರಿನಡಿಯೇ ಇಡಬೇಕು, ಅರಳದ ಹರಳು ಗೋಡೆಯಲ್ಲಿ ಅರಳಿದರೆ ಸಂದು ಒಡೆಯುತ್ತದೆ. ಎ ದರ್ಜೆಯದನ್ನು ಹಾಗೆ ಇಟ್ಟರೆ ತೊಟ್ಟಿಯಲ್ಲೇ ಗಟ್ಟಿಯಾಗಿಬಿಡುತ್ತದೆ.

ಎಷ್ಟು ಗಾರೆ ಬೇಕು? ಇಟ್ಟಿಗೆ 225×112×75 ಮಿ.ಮೀ., ಸಂದು 12 ಮಿ.ಮೀ. ಎಂದು ಹಿಡಿದರೆ ಒಂದು ಚದರ ಮೀಟರ್ ಗೋಡೆಯಲ್ಲಿ ಅಡ್ಡ ಸಂದು ಸುಮಾರು 11.5 ಮೀಟರ್, ಉದ್ದ ಸಂದು 3.6 ಮೀಟರ್, ಒಟ್ಟು 15 ಮೀಟರ್. ಸಂದಿನ ಅಗಲದ ಎರಡರಷ್ಟು, ಅಂದರೆ 25 ಮಿ.ಮೀ. ಆಳಕ್ಕೆ ಕೆರೆದು ತುಂಬಿದರೆ 4.5 ಲೀಟರ್, ಉದುರುವುದೂ ಸೇರಿ 6 ಲೀಟರ್. ನೂರು ಚದರ ಮೀಟರಿಗೆ 600 ಲೀಟರ್ ಹಸಿ ಗಾರೆ. ಕಲಸಿದಾಗ ಕುಗ್ಗುವುದರಿಂದ ಒಣ ಸಾಮಗ್ರಿ ಸುಮಾರು 780 ಲೀಟರ್ ಬೇಕು: ಸುಣ್ಣ 195, ಸುರ್ಕಿ 195, ಮರಳು 390. ಅಲೆ ಬಡಿದು ಸಂದು ಆಳಕ್ಕೆ ಹೋದ ಪಟ್ಟಿಯಲ್ಲಿ ಇದು ಎರಡು ಮೂರು ಪಟ್ಟಾಗುತ್ತದೆ. ಅಲ್ಲಿ ಒಂದೇ ಸಲ ತುಂಬದೆ 20 ಮಿ.ಮೀ. ಪದರಗಳಲ್ಲಿ, ಇಟ್ಟಿಗೆ ಚೂರು ಒತ್ತಿ ತುಂಬಬೇಕು. ಕೆರೆಯಲು ಯಂತ್ರ ಬೇಡ, ಉಳಿ ಮತ್ತು ಕೈ ಸಾಕು. ಗ್ರೈಂಡರ್ ಇಟ್ಟಿಗೆಯ ಅಂಚನ್ನೇ ತಿನ್ನುತ್ತದೆ. ತುಂಬುವ ಮುನ್ನ ಸಂದನ್ನು ನೀರಿನಿಂದ ತೋಯಿಸಿ, ತುಂಬಿದ ಮೇಲೆ ಗೋಣಿ ತಾಟು ಹೊದಿಸಿ 21 ದಿನ ತೇವ ಕಾಪಾಡಬೇಕು. ಮಾರ್ಚ್ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ತಾಟು ಒಣಗಿದರೂ ಗಾರೆ ಪುಡಿಯಾಗುತ್ತದೆ.

ಗೋಡೆಯ ನೆತ್ತಿಗೆ ಹೊರಕ್ಕೆ ಇಳಿಜಾರಾಗಿ ಸುರ್ಕಿ ಗಾರೆಯ ಹೊದಿಕೆ, ಸಸಿಗಳನ್ನು ಬೇರು ಎಳೆಯದೆ ಕತ್ತರಿಸುವುದು (ಜಲಾಶಯದಲ್ಲಿ ಕಳೆನಾಶಕ ಬಳಸುವಂತಿಲ್ಲ), ಬುಡದ ಕೊರಕಲಿಗೆ ಕಲ್ಲು ಜೋಡಣೆ, ಇವು ಅದರ ಜೊತೆಗೆ. ಜಾಗ ಸರ್ಕಾರದ್ದಾದ್ದರಿಂದ ನೀರಾವರಿ ನಿಗಮದ ಒಪ್ಪಿಗೆ, ಪುರಾತತ್ವ ಇಲಾಖೆಯ ಮಾರ್ಗದರ್ಶನ, ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ತಿಳಿವಳಿಕೆ ಇಲ್ಲದೆ ಸ್ವಯಂಸೇವಕರು ಒಂದು ಕರಣೆ ಗಾರೆಯನ್ನೂ ಹಚ್ಚಬಾರದು.

ಕೆಲಸಕ್ಕೆ ಎಷ್ಟು ದಿನ ಸಿಗುತ್ತದೆಂದು ತಿಳಿಯಲು ಸುಲಭದ ದಾರಿಯಿದೆ. ನೀರು ಚರ್ಚಿನ ಹೊಸ್ತಿಲು ಮುಟ್ಟಿದ ದಿನವನ್ನು ಗುರುತಿಸಿಕೊಳ್ಳಿ. ಆ ದಿನದ ಜಲಾಶಯದ ಮಟ್ಟ ಪತ್ರಿಕೆಗಳಲ್ಲೂ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಂದಿನ ವರದಿಯಲ್ಲೂ ಸಿಗುತ್ತದೆ. ಅದೇ ಹೊಸ್ತಿಲಿನ ಎತ್ತರ. ಗಾಳಿಯ ಅಲೆಯಿಂದ ಕೆಲವು ಅಂಗುಲ ಹೆಚ್ಚುಕಡಿಮೆ ಬರುತ್ತದೆ, ಆದ್ದರಿಂದ ಗಾಳಿ ಇಲ್ಲದ ಬೆಳಿಗ್ಗೆ ನೋಡಬೇಕು. ಆ ಒಂದು ಅಂಕಿ ಸಿಕ್ಕರೆ ಹಳೆಯ ವರ್ಷಗಳ ಮಟ್ಟದ ಪಟ್ಟಿ ಇಟ್ಟುಕೊಂಡು ಯಾವ ವರ್ಷ ಎಷ್ಟು ದಿನ ಕಟ್ಟಡ ಒಣಗಿತ್ತು, ನೀರು ಎಷ್ಟು ಬೇಗ ಇಳಿಯಿತು ಎಂಬುದನ್ನು ಬೆಂಗಳೂರಿನಲ್ಲೇ ಕೂತು ಲೆಕ್ಕ ಹಾಕಬಹುದು.

ಸಮಾಧಿಗಳು ಎಲ್ಲಿವೆ

ಹಿನ್ನೀರಿಗೆ ಸಿಕ್ಕ ಊರಿನ ಸ್ಮಶಾನ ಚರ್ಚಿಗಿಂತ ಬೇಗ ಅಳಿಯುತ್ತದೆ. ಮಣ್ಣಿನ ದಿಬ್ಬ ಮೊದಲ ಮಳೆಗಾಲದಲ್ಲೇ ಸಮತಟ್ಟಾಗುತ್ತದೆ. ಮರದ ಶಿಲುಬೆ ತೇಲಿಹೋಗುತ್ತದೆ. ಕಬ್ಬಿಣದ್ದು ತುಕ್ಕು ಹಿಡಿದು ಮುರಿಯುತ್ತದೆ. ಇಟ್ಟಿಗೆ-ಗಾರೆಯ ಗೋರಿ ಗೋಡೆಯ ಹಾಗೇ ಕರಗುತ್ತದೆ. ಗ್ರಾನೈಟ್ ಚಪ್ಪಡಿ ಉಳಿದರೂ ಹೂಳಿನಡಿ ಹೋಗುತ್ತದೆ, ಇಲ್ಲವೇ ಮಗುಚುತ್ತದೆ. ಹೂತ ದೇಹವನ್ನು ಬಿಷಪ್ಪರ ಅನುಮತಿಯಿಲ್ಲದೆ ಹೊರತೆಗೆಯಬಾರದೆಂಬುದು 1917ರ ಸಂಹಿತೆಯ ನಿಯಮ.

ಇಂಥ ಕಡೆ ಬೇಸಿಗೆಯಲ್ಲಿ ಚಪ್ಪಡಿಯೊಂದು ಕಂಡರೆ ಎತ್ತಬೇಡಿ, ತಿರುಗಿಸಬೇಡಿ, ಅಗೆಯಬೇಡಿ. ಮೊಬೈಲಿನ ಜಿಪಿಎಸ್ 3ರಿಂದ 5 ಮೀಟರ್ ತಪ್ಪುತ್ತದೆ, ಸಮಾಧಿ ಗುರುತಿಸಲು ಅದು ಸಾಲದು. ಚರ್ಚಿನ ಗೋಡೆಯ ಎರಡು ಮೂಲೆಗಳಿಂದ ಟೇಪ್ ಹಿಡಿದು ಎರಡು ದೂರ ಬರೆದುಕೊಂಡರೆ ಕೆಲವು ಸೆಂಟಿಮೀಟರ್ ನಿಖರತೆಯಲ್ಲಿ ಜಾಗ ಸಿಗುತ್ತದೆ. ಗೋಡೆಯ ಯಾವ ಪಕ್ಕ ಎಂಬುದನ್ನೂ ಬರೆಯಬೇಕು. ಅಕ್ಷರ ಓದಲು ಸೀಮೆಸುಣ್ಣ ಬಳಿಯುವುದು, ಆಮ್ಲ ಹಾಕಿ ತೊಳೆಯುವುದು, ತಂತಿ ಬ್ರಷ್‌ನಿಂದ ಉಜ್ಜುವುದು ಬೇಡ. ನೀರು ಮತ್ತು ನೈಲಾನ್ ಬ್ರಷ್ ಸಾಕು. ಟಾರ್ಚನ್ನು ಕಲ್ಲಿಗೆ ತೀರ ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ಫೋಟೊ ತೆಗೆದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಕೈ ಪಳಗಿಸಿಕೊಳ್ಳಲು ಬೆಂಗಳೂರಿನ ಹೊಸೂರು ರಸ್ತೆಯ, ಕಲ್ಪಳ್ಳಿಯ ಹಳೆಯ ಸ್ಮಶಾನಗಳಿವೆ. ಅಲ್ಲಿನ ಕಚೇರಿಯಲ್ಲಿ ಕೇಳಿಕೊಂಡೇ ಒಳಗೆ ಹೋಗಿ.

ಆದರೆ ಮುಳುಗಿದ ಸ್ಮಶಾನದ ನಿಜವಾದ ಉಳಿಕೆ ಮರಣದ ರಿಜಿಸ್ಟರು. 1917ರ ಸಂಹಿತೆ ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣದ ಪುಸ್ತಕ ಇಡಬೇಕೆಂದೂ ವರ್ಷದ ಕೊನೆಗೆ ಅವುಗಳ ಪ್ರತಿಯನ್ನು ಬಿಷಪ್ಪರ ಕಚೇರಿಗೆ ಕಳಿಸಬೇಕೆಂದೂ ವಿಧಿಸಿತ್ತು. ಅದು ಜಾರಿಗೆ ಬಂದದ್ದು 1918ರಲ್ಲಿ. ಅಂದರೆ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದಕ್ಕೆ ಹುಡುಕಾಡಲು ದಾರಿಯಿದೆ.

ಎಲ್ಲಿ ಹುಡುಕುವುದು? ಇಲ್ಲಿ ಬೆಂಗಳೂರು ಬರುತ್ತದೆ. ಮೈಸೂರು 1850ರಲ್ಲಿ ಅಪೋಸ್ತಲಿಕ ವಿಕಾರಿಯೇಟ್ (ಧರ್ಮಕ್ಷೇತ್ರವಾಗುವ ಮುಂಚಿನ ಮಿಷನ್ ಆಡಳಿತ) ಆಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ಆದರೆ ಮೈಸೂರಿನ ಬಿಷಪ್ಪರ ಪೀಠ 1940ರವರೆಗೂ ಇದ್ದದ್ದು ಬೆಂಗಳೂರಿನಲ್ಲಿ. ಆ ವರ್ಷ ಬೆಂಗಳೂರು ಧರ್ಮಕ್ಷೇತ್ರ ಬೇರೆಯಾಯಿತು. 1963ರಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದವು. ಹಾಗಾಗಿ ಮೂಲ ಪುಸ್ತಕಕ್ಕೆ ಮೊದಲು ಆ ಊರಿನ ಜನ ಈಗ ಸೇರಿರುವ ಧರ್ಮಕೇಂದ್ರವನ್ನೂ ಚಿಕ್ಕಮಗಳೂರನ್ನೂ ಕೇಳಬೇಕು. 1940ರಿಂದ 1963ರವರೆಗಿನ ಪ್ರತಿಗೆ ಮೈಸೂರು. ಅದಕ್ಕೂ ಹಿಂದಿನದಕ್ಕೆ ಬೆಂಗಳೂರು, ಮೈಸೂರು ಎರಡೂ ಕಡೆ. ಮಿಷನರಿಗಳ ಕಾಗದಪತ್ರ, ವಾರ್ಷಿಕ ವರದಿಗಳು ಪ್ಯಾರಿಸ್ಸಿನ ಮಿಷನ್ ಸಂಘದ ದಾಖಲಾಗಾರದಲ್ಲಿವೆ.

ಪತ್ರ ಬರೆಯುವಾಗ ಧರ್ಮಕೇಂದ್ರದ ಸ್ವಾಮಿಗಳಿಗೆ ತೀರಿಕೊಂಡವರ ಹೆಸರು, ತಂದೆ ಅಥವಾ ಗಂಡನ ಹೆಸರು, ಐದು ವರ್ಷ ಹಿಂದೆಮುಂದೆ ಸೇರಿಸಿದ ಕಾಲಾವಧಿ, ಊರು ಕೊಡಿ. ಹಳೆಯ ನಮೂದುಗಳು ಲ್ಯಾಟಿನ್‌ನಲ್ಲಿರುತ್ತವೆ. 'ಓಬಿಯಿಟ್' ಎಂದರೆ ತೀರಿಕೊಂಡರು, 'ಸೆಪುಲ್ಟುಸ್' ಅಥವಾ 'ಸೆಪುಲ್ಟಾ' ಎಂದರೆ ಹೂಳಲಾಯಿತು, 'ಅನ್ನೋರುಮ್' ಪಕ್ಕದ ಅಂಕಿ ವಯಸ್ಸು. ಎಲ್ಲರೂ ಎಡವುವುದು ತಿಂಗಳಲ್ಲಿ: '7ಬ್ರಿಸ್' ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್, 8, 9, 10 ಕ್ರಮವಾಗಿ ಅಕ್ಟೋಬರ್, ನವೆಂಬರ್, ಡಿಸೆಂಬರ್. ಹೆಸರಿನದೂ ಅದೇ ಕಥೆ. ಮನೆಯಲ್ಲಿ ರಾಯಪ್ಪ ಎಂದು ಕರೆದವರು ಪುಸ್ತಕದಲ್ಲಿ ಪೆತ್ರುಸ್, ಚಿನ್ನಪ್ಪ ಪೌಲುಸ್, ಯಾಗಪ್ಪ ಯಾಕೋಬುಸ್, ಇನ್ನಾಸಪ್ಪ ಇಗ್ನಾಸಿಯುಸ್, ಚೌರಪ್ಪ ಕ್ಸಾವೇರಿಯುಸ್ ಆಗಿರಬಹುದು. ಫ್ರೆಂಚ್ ಕಿವಿಗೆ ಕೇಳಿದಂತೆ ಬರೆದ ಕನ್ನಡ ಹೆಸರುಗಳನ್ನು ಜೋರಾಗಿ ಓದಿದರೆ ಗುರುತು ಹತ್ತುತ್ತದೆ. ಹೆಸರೊಂದೇ ಹೊಂದಿದರೆ ನಂಬಬೇಡಿ. ಊರು, ತಂದೆಯ ಹೆಸರು, ವಯಸ್ಸು, ಈ ಮೂರರಲ್ಲಿ ಎರಡಾದರೂ ಹೊಂದಬೇಕು.

ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಿ ಜೆರಾಕ್ಸ್ ಮಾಡಿಸಿದರೆ ಹೊಲಿಗೆ ಬಿಡುತ್ತದೆ. ಹಳೆಯ ಕಬ್ಬಿಣದ ಶಾಯಿ ಕಾಗದವನ್ನು ಆಗಲೇ ತಿಂದಿರುತ್ತದೆ. ಎರಡು ದಿಂಬಿನ ನಡುವೆ ಅರೆ ತೆರೆದಿಟ್ಟು, ಫ್ಲ್ಯಾಶ್ ಇಲ್ಲದೆ, ಪುಟದ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಬೇಕು. ಲ್ಯಾಮಿನೇಷನ್ ಯಾವ ಕಾರಣಕ್ಕೂ ಬೇಡ. ಅದನ್ನು ಬಿಡಿಸಲು ಹೋದರೆ ಅಕ್ಷರವೂ ಎದ್ದು ಬರುತ್ತದೆ.

ಮುಂದಿನ ಬೇಸಿಗೆಗೆ

ದುರಸ್ತಿಗೆ ಒಪ್ಪಿಗೆ ಸಿಗಲು ವರ್ಷಗಳು ಹಿಡಿಯಬಹುದು. ಅಳತೆಗೆ ಅಷ್ಟು ಕಾಯಬೇಕಿಲ್ಲ. ನಿಗಮದ ಅನುಮತಿ ಪಡೆದು, ಕಟ್ಟಡದ ಸುತ್ತ ಎಂಟು ಹತ್ತು ಸ್ಥಿರ ಬಿಂದು ಗುರುತಿಸಿ, ಪ್ರತಿ ವರ್ಷ ಅದೇ ಬಿಂದುಗಳಿಂದ, ಅದೇ ಎತ್ತರದಿಂದ ಫೋಟೊ ತೆಗೆಯಬೇಕು. ಮೂರು ಆಯಾಮದ ಮಾದರಿಗೆ ಒಂದು ಫೋಟೊ ಇನ್ನೊಂದರ ಮೇಲೆ ಶೇ. 70-80ರಷ್ಟು ಹೊದ್ದಿರಬೇಕು, ಚೌಕಟ್ಟಿನಲ್ಲಿ ಅಳತೆಪಟ್ಟಿ ಇರಬೇಕು. ಮಧ್ಯಾಹ್ನದ ಕಟು ನೆರಳಿಗಿಂತ ಮೋಡದ ದಿನ ಒಳ್ಳೆಯದು. ಪ್ರತಿ ಕಂಬಕ್ಕೂ ತೂಗುಗುಂಡು ಇಳಿಬಿಟ್ಟು ಮೇಲಿನ ತುದಿ ಬುಡದಿಂದ ಎಷ್ಟು ಮಿ.ಮೀ. ವಾಲಿದೆ ಎಂದು ಬರೆಯಿರಿ. ಗೋಡೆಗೆ ಏಣಿ ಒರಗಿಸಬೇಡಿ, ಕಂಬಿಯ ಮೇಲಿಂದ ಇಳಿಬಿಡಿ. ಬಿರುಕಿನ ಅಗಲ ಅಳೆದ ಜಾಗದ ಪಕ್ಕ ಬಣ್ಣದಿಂದ ಬರೆಯದೆ, ಫೋಟೊದ ಮೇಲೆ ಗುರುತು ಮಾಡಿ. ಕಾರುಗಳನ್ನು ಜಲಾಶಯದ ತಳದ ಮೇಲೆ ಗೋಡೆಯವರೆಗೆ ತರಬಾರದು. ಚಕ್ರದ ಹಳ್ಳಗಳಲ್ಲಿ ಮುಂದಿನ ಮಳೆಯ ನೀರು ನೇರವಾಗಿ ಅಡಿಪಾಯಕ್ಕೆ ಹರಿಯುತ್ತದೆ.

ಅಂಕಿಗಳೂ ಫೋಟೊಗಳೂ ಒಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿದರೆ ಅಳೆದೂ ಪ್ರಯೋಜನವಿಲ್ಲ. ದಿನಾಂಕ, ಆ ದಿನದ ಜಲಾಶಯದ ಮಟ್ಟ, ಅಳೆದ ಬಿಂದುವಿನ ಸಂಖ್ಯೆ, ಈ ಮೂರನ್ನು ಪ್ರತಿ ಕಡತದ ಹೆಸರಿನಲ್ಲೇ ಬರೆದು, ಒಂದೊಂದು ಪ್ರತಿಯನ್ನು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೂ ರಾಜ್ಯ ಪುರಾತತ್ವ ಇಲಾಖೆಗೂ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಜೂನ್ ಮುಗಿಯುವ ಮುನ್ನ ಕಳಿಸಬೇಕು.